ಪಡ್ಪು ಮನೆಯ ಉಯ್ಯಾಲೆ

ದೇರೆಬೈಲ್, ಮಂಗಳೂರು
12 ಅಕ್ಟೋಬರ್ 1958

ಪ್ರಿಯ ಶಶಿ,

ನಮ್ಮ ಮನೆಗೆ ಹಂಚು ಹೊದೆಸಿ ಆಯಿತು. ಹ್ಯೂಬರ್ಟ್ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿರುವುದರಿಂದ ಹಂಚೇನೋ ಒಳ್ಳೆಯದು ಸಿಕ್ಕಿತು. ಜಗಳ ಇರುವುದು ಒಳಗೆ ಏನು ಇಡಬೇಕು ಎಂಬುದರಲ್ಲಿ. ಅವರಿಗೆ ಸ್ಟೀಲ್ ಕುರ್ಚಿ ಬೇಕಂತೆ. ನನಗೆ ಬೇಡ. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿ ಕೂತೆದ್ದು ಸಾಕಾಗಿದೆ. ನಮ್ಮ ಮನೆಗೆ ಕಾಲಿಟ್ಟವರು, ಇದು ನಿನ್ನೆ ಮೊನ್ನೆ ಎದ್ದ ಮನೆಯಲ್ಲ ಎಂದುಕೊಳ್ಳಬೇಕು.

ಹಾಗಾಗಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರ್‌ಗೆ ಹೋಗುತ್ತೇನೆ. ಅಲ್ಲಿ ಮೆಣಸಿನ ಗೋದಾಮುಗಳ ಹಿಂದೆ ಮಮ್ಮು ಎಂಬ ಬ್ಯಾರಿ ವ್ಯಾಪಾರಿಯ ಗುಜರಿ ಅಂಗಡಿ ಉಂಟು. ಹಳೆಯ ಮನೆಗಳು ಪಾಲಾಗುವಾಗ, ಬೀಳುವಾಗ, ಸಾಮಾನು ಬಂದು ಸೇರುವುದು ಅಲ್ಲಿಗೇ. ನಿನ್ನೆ ಅಲ್ಲಿ ಒಂದು ದೊಡ್ಡ ಚೀನಾ ಭರಣಿ ಸಿಕ್ಕಿತು, ಬೆತ್ತ ಹರಿದ ಎರಡು ಆರಾಮ ಕುರ್ಚಿ ಸಿಕ್ಕಿದವು. ಹ್ಯೂಬರ್ಟ್ ನೋಡಿ, "ಎಂತ ಮಾರಾಯ್ತಿ, ಸತ್ತವರ ಸಾಮಾನನ್ನೆಲ್ಲ ತಂದು ತುಂಬಿಸುತ್ತಿ" ಎಂದರು.

ನೀನು ಇಂಥವುಗಳ ನಡುವೆಯೇ ಬೆಳೆದವಳು. ಶಾಲೆಯ ಬೆಂಚಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಹಾಗೆ ಇದನ್ನೂ ಹೇಳಿಕೊಡು. ಒಳ್ಳೆಯ ಮರ ಯಾವುದು, ಬಣ್ಣ ಬಳಿದ ಮರ ಯಾವುದು ಎಂದು ತಿಳಿಯುವುದು ಹೇಗೆ?

ನಿನ್ನ ಆಗ್ನೆಸ್


ಮುಂಬಯಿ
3 ನವೆಂಬರ್ 1958

ಪ್ರೀತಿಯ ಆಗ್ನೆಸ್,

ನಿನ್ನ ಕಾಗದ ಓದಿ ನಾನೂ ಚಿತ್ತರಂಜನರೂ ನಕ್ಕೆವು. ನೀನು ಆ ಗುಜರಿ ಅಂಗಡಿಯಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಕುರ್ಚಿ ಮಗುಚಿ ಹಾಕುವುದು ಕಣ್ಣಿಗೆ ಕಟ್ಟಿತು.

ಮೇಲಿನ ಹೊಳಪು ನೋಡಬೇಡ. ಮಗುಚಿ ಅಡಿಭಾಗ ನೋಡು. ಬಣ್ಣ ಬಳಿಯುವವರು ಅಡಿಗೆ ಬಳಿಯುವುದಿಲ್ಲ. ಒಂದು ಕೈಯಲ್ಲಿ ಎತ್ತಲಿಕ್ಕಾದರೆ ಅದು ಬೀಟೆ ಮರವಲ್ಲ. ನನಗೆ ಇದನ್ನು ಹೇಳಿಕೊಟ್ಟದ್ದು ಅಮ್ಮ. ಪಡ್ಪು ಮನೆಯಲ್ಲಿ ಅವರಿಗೆ ಗೊತ್ತಿಲ್ಲದ ಮರದ ತುಂಡು ಇರಲಿಲ್ಲ.

ಅಮ್ಮ ಹೋಗಿ ಎರಡು ವರ್ಷವಾಯಿತು. ಮನೆಯನ್ನು ಈಗ ಮಹಾಬಲಣ್ಣ ನೋಡಿಕೊಳ್ಳುತ್ತಾನೆ. ನಮ್ಮದು ಅಳಿಯಸಂತಾನ, ನಿನಗೆ ಗೊತ್ತುಂಟಲ್ಲ. ಮನೆ ಹೆಣ್ಣುಮಕ್ಕಳದು, ನನ್ನ ನಂತರ ಮಗಳು ವಾರಿಜಳದು. ಅಣ್ಣ ಯಜಮಾನ ಮಾತ್ರ. ಎರಡು ಬೇಸಗೆಯೂ ಊರಿಗೆ ಬರುತ್ತೇನೆಂದು ಬರೆದೆ. ಒಮ್ಮೆ ಬಾವಿ ಬತ್ತಿದೆ ಎಂದ, ಇನ್ನೊಮ್ಮೆ ಅತ್ತಿಗೆಗೆ ಜ್ವರ ಎಂದ. ಈಗ ಹಂಚಿನ ಮಾಡಿನ ರಿಪೇರಿಗೆ ಸಾಲ ತೆಗೆಯಬೇಕು, ಒಂದು ಕಾಗದಕ್ಕೆ ರುಜು ಹಾಕು ಎನ್ನುತ್ತಿದ್ದಾನೆ. ಊರಿಗೆ ಹೋಗಿ ನೋಡಿಯೇ ಹಾಕು ಎಂದು ಚಿತ್ತರಂಜನರ ಮಾತು. ಇವರಿಗೆ ಎಲ್ಲರ ಮೇಲೂ ಸಂಶಯ, ಹೋಟೆಲು ನಡೆಸುವವರಲ್ಲವಾ.

ಮನೆ ಸಜ್ಜಾಗಲಿ. ಬಂದು ನಿನ್ನ ಆರಾಮ ಕುರ್ಚಿಯಲ್ಲಿ ಕೂರುತ್ತೇನೆ.

ನಿನ್ನ ಶಶಿ


ದೇರೆಬೈಲ್
18 ಜನವರಿ 1959

ಪ್ರಿಯ ಶಶಿ,

ಇವತ್ತು ಬೇರೆ ಸುದ್ದಿ ಏನೂ ಇಲ್ಲ, ಒಂದೇ ಸುದ್ದಿ. ನನಗೆ ಒಂದು ಉಯ್ಯಾಲೆ ಸಿಕ್ಕಿತು.

ಮಮ್ಮುವಿನ ಅಂಗಡಿಯ ಹಿಂಬದಿ ಗೋಣಿ ಮುಚ್ಚಿಟ್ಟಿದ್ದ. ನೀನು ಹೇಳಿಕೊಟ್ಟ ಹಾಗೆ ಅಡಿಭಾಗ ನೋಡಿದೆ, ಎತ್ತಲಿಕ್ಕೂ ನೋಡಿದೆ, ಅಲುಗಲಿಲ್ಲ. ಆರಡಿ ಉದ್ದದ ಬೀಟೆ ಹಲಗೆ. ನಾಲ್ಕು ಹಿತ್ತಾಳೆ ಸರಪಳಿ, ಪ್ರತಿಯೊಂದರ ನಡುವೆ ಒಂದೊಂದು ಗಿಳಿ. ಹೊಳೆಯ ಆಚೆಯ ಯಾವುದೋ ಮನೆಯದ್ದು ಎಂದಷ್ಟೇ ಹೇಳಿದ. ಒಬ್ಬ ಲಾಡ್ಜಿನವನೂ ಅದನ್ನು ಕೇಳಿ ಹೋಗಿದ್ದನಂತೆ. ನಾನು ಅಲ್ಲಿಯೇ ನಿಂತು, ಇದು ನನ್ನದು ಎಂದು ಹೇಳಿ ಗಾಡಿ ತರಿಸಿದೆ.

ಒಂದೇ ಐಬು. ಬಲ ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಚ್ಚುಗಳು, ಯಾರೋ ಕಬ್ಬಿಣದಿಂದ ಕುಟ್ಟಿದ ಹಾಗೆ. ಬಡಗಿ ದುಗ್ಗಪ್ಪ, "ಕೀಸುಳಿ ಹಾಕಿ ನುಣ್ಣಗೆ ಮಾಡ್ತೇನೆ ಟೀಚರಮ್ಮ" ಎನ್ನುತ್ತಾನೆ.

ಫೆಬ್ರವರಿ ಎಂಟಕ್ಕೆ ಮನೆಯ ಆಶೀರ್ವಾದ. ಫಾದರ್ ಬರುತ್ತಾರೆ, ನಮ್ಮ ಹೆಡ್‌ಮಿಸ್ಟ್ರೆಸ್ ಬರುತ್ತಾರೆ. ಅವರು ನಿನ್ನೆಯೇ ಬಂದು ನೋಡಿ, "ಆಗ್ನೆಸ್, ಇದು ನಿಮ್ಮ ಅಜ್ಜನ ಕಾಲದ್ದಾ?" ಎಂದು ಕೇಳಿದರು. ನಾನು ಇಲ್ಲವೆನ್ನಲಿಲ್ಲ.

ಆಗ್ನೆಸ್


ಮುಂಬಯಿ
26 ಜನವರಿ 1959

ಆಗ್ನೆಸ್,

ಬೇಗ ಉತ್ತರ ಬರೆ. ಆ ಗಿಳಿಗಳಲ್ಲಿ ಒಂದಕ್ಕೆ ಕೊಕ್ಕು ಮುರಿದಿದೆಯಾ? ಕಚ್ಚುಗಳಿರುವ ಕಡೆ ಎಣ್ಣೆ ಕುಡಿದ ಹಾಗೆ ಮರ ಕಪ್ಪಾಗಿದೆಯಾ?

ನಮ್ಮ ಚಾವಡಿಯಲ್ಲೂ ಇಂಥದೇ ಉಯ್ಯಾಲೆ ಉಂಟು. ಅಮ್ಮ ಅದರಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅಡಕತ್ತರಿಯನ್ನು ಆ ತುದಿಗೆ ಒತ್ತಿ ಹಿಡಿಯುತ್ತಿದ್ದರು. ಒಬ್ಬನೇ ಆಚಾರಿ ನಾಲ್ಕೈದು ಮನೆಗೆ ಒಂದೇ ತರದ ಉಯ್ಯಾಲೆ ಮಾಡಿಕೊಟ್ಟಿರಬಹುದು. ಹಾಗೆಯೇ ಇರಬೇಕು. ಆದರೂ ಮಮ್ಮುವನ್ನು ಸರಿಯಾಗಿ ಕೇಳು, ಯಾವ ಮನೆಯದ್ದೆಂದು. ಅಣ್ಣನಿಗೂ ಬರೆದಿದ್ದೇನೆ.

ದುಗ್ಗಪ್ಪನಿಗೆ ಕೀಸುಳಿ ಹಾಕಲು ಬಿಡಬೇಡ.

ಶಶಿ


ದೇರೆಬೈಲ್
2 ಫೆಬ್ರವರಿ 1959

ಪ್ರಿಯ ಶಶಿ,

ನೀನು ಸುಮ್ಮನೆ ಗಾಬರಿಯಾಗಿದ್ದಿ. ಮಮ್ಮುವನ್ನು ಕೇಳಿದೆ. ಕಾಸರಗೋಡು ಕಡೆಯ ಒಂದು ಮನೆಯದ್ದಂತೆ. ಗಿಳಿಗಳಿಗೆಲ್ಲ ಕೊಕ್ಕು ಉಂಟು. ಕಚ್ಚುಗಳನ್ನು ನಿನ್ನ ಕಾಗದ ಬರುವ ಮೊದಲೇ ದುಗ್ಗಪ್ಪ ತೆಗೆದುಬಿಟ್ಟಿದ್ದ, ಹಾಗಾಗಿ ಕಪ್ಪು ಇತ್ತೋ ಇಲ್ಲವೋ ನೆನಪಾಗುವುದಿಲ್ಲ.

ಬರುವ ಆದಿತ್ಯವಾರದ ಕೆಲಸದಲ್ಲಿ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ನೂರು ಜನಕ್ಕೆ ಊಟ. ಇಡ್ಲಿಯಂಥ ನಮ್ಮ ಸಣ್ಣಾ ಮಾಡಲು ಅಕ್ಕಿ ನೆನೆಹಾಕುವುದರಿಂದ ಹಿಡಿದು ಪರದೆ ಹೊಲಿಯುವವರೆಗೆ ಎಲ್ಲ ನನ್ನ ತಲೆಯ ಮೇಲೆಯೇ. ಪರದೆಗೆ ತಿಳಿಹಸಿರು ಬಟ್ಟೆ ತಂದಿದ್ದೇನೆ. ವಾರಿಜಳಿಗೆ ಮುತ್ತು.

ಆಗ್ನೆಸ್


ಮುಂಬಯಿ
9 ಫೆಬ್ರವರಿ 1959

ಪ್ರೀತಿಯ ಆಗ್ನೆಸ್,

ನಿನ್ನ ಕಾಗದವೂ ಅಣ್ಣನ ಕಾಗದವೂ ಒಂದೇ ದಿನ ಬಂದವು. ಅವನಿಗೆ ತುಂಬಾ ಬೇಸರವಾಗಿದೆ. "ಉಯ್ಯಾಲೆ ಚಾವಡಿಯಲ್ಲೇ ತೂಗುತ್ತಾ ಉಂಟು. ಅಮ್ಮನ ಕೋಣೆಯ ಬೀಗವನ್ನೂ ನಾನು ತೆಗೆದಿಲ್ಲ. ಒಡಹುಟ್ಟಿದವನ ಮೇಲೆ ನಂಬಿಕೆ ಇಲ್ಲದಿದ್ದರೆ ನೀನೇ ಬಂದು ಮನೆ ನಡೆಸು" ಎಂದು ಬರೆದಿದ್ದಾನೆ.

ಅವನೊಬ್ಬನೇ ಬರೆದಿದ್ದರೆ ಚಿತ್ತರಂಜನರು ನಂಬುತ್ತಿರಲಿಲ್ಲ. ನಿನ್ನ ಕಾಗದ ತೋರಿಸಿದೆ. "ಆಗ್ನೆಸ್ ಟೀಚರು ಕಣ್ಣಾರೆ ನೋಡಿ ಬರೆದಿದ್ದಾರಲ್ಲ, ಇನ್ನೆಂತ?" ಎಂದು ಅವರೂ ಸುಮ್ಮನಾದರು. ನನಗೆ ನಾಚಿಕೆಯಾಯಿತು. ಅಣ್ಣನಿಗೆ ತಪ್ಪಾಯಿತೆಂದು ಬರೆದು, ಅವನು ಕಳಿಸಿದ್ದ ಕಾಗದಕ್ಕೆ ರುಜು ಹಾಕಿ ಮೊನ್ನೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಮನಸ್ಸು ಹಗುರಾಯಿತು.

ನಿನ್ನ ಮನೆಯ ಆಶೀರ್ವಾದ ಚೆನ್ನಾಗಿ ನಡೆದಿರಬೇಕು. ಉಯ್ಯಾಲೆಯಲ್ಲಿ ಮೊದಲು ಯಾರು ಕೂತರು, ಬರೆ.

ನಿನ್ನ ಶಶಿ


ದೇರೆಬೈಲ್
21 ಜೂನ್ 1959

ಪ್ರಿಯ ಶಶಿ,

ನಾಲ್ಕು ತಿಂಗಳು ಬರೆಯದೆ ಇದ್ದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಪರೀಕ್ಷೆ, ಪೇಪರ್ ತಿದ್ದುವುದು, ಆಮೇಲೆ ಹ್ಯೂಬರ್ಟರಿಗೆ ಕಾಲುನೋವು. ಶಾಲೆ ಪುನಃ ಶುರುವಾಗಿದೆ. ಮಳೆಯಿಂದ ಮುಂಬಯಿ ಸ್ಟೀಮರು ನಿಂತಿದೆ, ಅಲ್ಲಿಂದ ಬರುವವರೂ ಇಲ್ಲ. ಈಗ ಬಂದರ್‌ಗೆ ಹೋಗುವುದನ್ನು ಬಿಟ್ಟಿದ್ದೇನೆ. ಮನೆಗೆ ಬೇಕಾದದ್ದೆಲ್ಲ ಆಯಿತು.

ನೀನು ಅಣ್ಣನಿಗೆ ಕಳಿಸಿದ ಕಾಗದದಲ್ಲಿ ಏನು ಬರೆದಿತ್ತು? ಸುಮ್ಮನೆ ಕೇಳಿದೆ. ಅವನ ಪತ್ರ ಬರುತ್ತಾ ಉಂಟಾ?

ಆಗ್ನೆಸ್


ಮುಂಬಯಿ
30 ಡಿಸೆಂಬರ್ 1959

ಆಗ್ನೆಸ್,

ಜೂನ್ ತಿಂಗಳ ನಿನ್ನ ಪ್ರಶ್ನೆಗೆ ಈಗ ಉತ್ತರ ಕೊಡುತ್ತಿದ್ದೇನೆ. ಆ ಕಾಗದದಲ್ಲಿ ಬರೆದಿದ್ದದ್ದು, ಪಡ್ಪು ಮನೆಯಲ್ಲೂ ಜಾಗದಲ್ಲೂ ನನಗೆ, ನನ್ನ ಮಗಳಿಗೆ ಇರುವ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು. ಇಂಗ್ಲಿಷಿನಲ್ಲಿ ನಾಲ್ಕು ಹಾಳೆ ಇತ್ತು. ಮಾಡಿನ ಸಾಲದ ವಿಷಯ ಮೊದಲ ಹಾಳೆಯಲ್ಲಿ ಮಾತ್ರ ಇತ್ತು. ನಾನು ಓದಿದ್ದು ಅದೊಂದನ್ನೇ.

ಅಣ್ಣನ ಪತ್ರ ಮಾರ್ಚಿನಲ್ಲೇ ನಿಂತುಹೋಯಿತು. ಈ ತಿಂಗಳ ಹತ್ತಕ್ಕೆ ಯಾರಿಗೂ ತಿಳಿಸದೆ ವಾರಿಜಳನ್ನು ಕರೆದುಕೊಂಡು ಸ್ಟೀಮರಿನಲ್ಲಿ ಬಂದೆ. ದೋಣಿಯಲ್ಲಿ ಹೊಳೆ ದಾಟಿ ತೊಕ್ಕೊಟ್ಟಿನಿಂದ ನಡೆದು ಹೋದೆವು. ಗದ್ದೆಯ ಬದುವಿನ ಮೇಲೆ ನಿಂತರೆ ಮನೆಯ ಮಾಡು ಕಾಣಬೇಕಿತ್ತು. ಕಾಣಲಿಲ್ಲ. ದಾರಿ ತಪ್ಪಿದೆನೆಂದು ನಾನು ಹಿಂದೆ ತಿರುಗಿದೆ. ವಾರಿಜ, "ಅಮ್ಮ, ಇಲ್ಲಿ ಮೆಟ್ಟಿಲು ಉಂಟು" ಎಂದಳು. ಮೆಟ್ಟಿಲು ಮಾತ್ರ ಇತ್ತು, ಆಗ್ನೆಸ್. ಅಡಿಪಾಯದ ಒಳಗೆ ಯಾರೋ ಗೆಣಸು ನೆಟ್ಟಿದ್ದರು.

ಅಣ್ಣ ತೊಕ್ಕೊಟ್ಟಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ನಮ್ಮನ್ನು ಸೋಫಾದಲ್ಲಿ ಕೂರಿಸಿದ.

"ಮನೆ ಎಲ್ಲಿ, ಅಣ್ಣ?"

"ಗೆದ್ದಲು ಹಿಡಿದಿತ್ತು. ಬಿಚ್ಚಿಸಿದೆ."

"ಉಯ್ಯಾಲೆ ತೂಗುತ್ತಾ ಉಂಟು ಎಂದು ಬರೆದದ್ದು?"

"ಅದು ಹೋಗಿ ಎರಡು ತಿಂಗಳಾಗಿತ್ತು. ನೀನು ಬೇಸರ ಮಾಡ್ತಿ ಅಂತ ಬರೆಯಲಿಲ್ಲ. ಈಗ ರುಜು ಹಾಕಿ ಕೊಟ್ಟಿದ್ದಿಯಲ್ಲ, ಇನ್ನು ಎಂತ ಮಾತು? ಊಟ ಮಾಡಿ ಹೋಗು."

ಊಟ ಮಾಡಲಿಲ್ಲ. ಮರುದಿನ ಬಂದರ್‌ಗೆ ಹೋಗಿ ಮಮ್ಮುವಿನ ಅಂಗಡಿ ಹುಡುಕಿದೆ. ನಾನು ಯಾರೆಂದು ಹೇಳಿದ ಕೂಡಲೇ ಅವನು ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದ.

"ಟೀಚರಮ್ಮ ಆವತ್ತು ಓಡಿಕೊಂಡು ಬಂದ್ರು ಅಕ್ಕ. ಉಯ್ಯಾಲೆ ಎಲ್ಲಿಯದ್ದು, ನಿಜ ಹೇಳು ಅಂದ್ರು. ನಾನು ಎಂತಕ್ಕೆ ಸುಳ್ಳು ಹೇಳ್ಬೇಕು? ಪಡ್ಪು ಮನೆಯದ್ದು, ಮಹಾಬಲಣ್ಣನೇ ದೋಣಿಗೆ ಹೇರಿಸಿ ಕಳಿಸಿದ್ದು ಅಂತ ಹೇಳಿದೆ. ಮತ್ತೆ, ಯಾರು ಕೇಳಿದ್ರೂ ಕಾಸರಗೋಡಿನದ್ದು ಅಂತ ಹೇಳು ಅಂದ್ರು."

ಅವನಿಂದ ಎರಡು ಸಲ ಹೇಳಿಸಿದೆ. ಅವನ ಕನ್ನಡ ನನಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು.

ಅದೇ ಸಂಜೆ ನಿನ್ನ ಮನೆಗೂ ಬಂದಿದ್ದೆ. ಗೇಟಿನ ಹೊರಗೆ ನಿಂತೆ. ನೀನು ಉಯ್ಯಾಲೆಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಅಮ್ಮ ಅಡಿಕೆ ಕತ್ತರಿಸುತ್ತಿದ್ದ ಬಲ ತುದಿಯಲ್ಲೇ ಕೂತಿದ್ದೆ. "ಅದು ಆಗ್ನೆಸ್ ಆಂಟಿ ಅಲ್ವಾ? ಒಳಗೆ ಹೋಗುವ" ಎಂದು ವಾರಿಜ ಕೈ ಎಳೆದಳು. ಅಲ್ಲ, ಮನೆ ತಪ್ಪಿತು ಎಂದು ಹೇಳಿ ಕರೆದುಕೊಂಡು ಬಂದೆ.

ಅಣ್ಣ ಮೋಸ ಮಾಡಿದ. ಅವನಿಗೆ ಜಾಗ ಬೇಕಿತ್ತು, ಅದು ಅರ್ಥವಾಗುತ್ತದೆ. ನೀನು ಯಾಕೆ ಹಾಗೆ ಬರೆದೆ ಎಂಬುದು ಅರ್ಥವಾಗುವುದಿಲ್ಲ.

ಶಶಿಪ್ರಭಾ


ದೇರೆಬೈಲ್
9 ಜನವರಿ 1960

ಶಶಿ,

ನಿನ್ನ ಕಾಗದವನ್ನು ಹ್ಯೂಬರ್ಟರಿಗೆ ಓದಲು ಕೊಟ್ಟೆ. ಓದಿ, "ಆವತ್ತೇ ಬರೆದುಬಿಡು ಅಂತ ಹೇಳಿದ್ದೆನಲ್ಲ" ಎಂದು ಎದ್ದು ಹೋದರು. ಹೌದು, ಹೇಳಿದ್ದರು.

ಮಮ್ಮು ಹೇಳಿದ್ದೆಲ್ಲ ನಿಜ. ಗಿಳಿಗೆ ಕೊಕ್ಕು ಇಲ್ಲ. ದುಗ್ಗಪ್ಪ ಕೀಸುಳಿ ಹಾಕಿದ್ದು ನಿನ್ನ ಕಾಗದ ಬರುವ ಮೊದಲಲ್ಲ, ಬಂದ ಮರುದಿನ. ನಾನೇ ಹಾಕಿಸಿದೆ.

ಆಶೀರ್ವಾದಕ್ಕೆ ಆರು ದಿನ ಇತ್ತು. ಹೇಳಿದರೆ ನೀನು ಅದನ್ನು ಕೇಳುತ್ತೀ, ಕೊಡಬೇಕಾಗುತ್ತದೆ ಎಂದು ತೋರಿತು. ನಿನ್ನ ಅಣ್ಣ ಹೇಗೂ ಮಾರಿಬಿಟ್ಟಿದ್ದಾನೆ, ಈಗ ಹೇಳಿ ಏನು ಪ್ರಯೋಜನ, ಅಣ್ಣ ತಂಗಿಗೆ ಜಗಳ ಹಚ್ಚಿದ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ರುಜುವಿನ ವಿಷಯ ನೆನಪಿಗೇ ಬರಲಿಲ್ಲ, ಇದು ದೇವರಾಣೆಗೂ ನಿಜ. ನಿನ್ನ ಫೆಬ್ರವರಿಯ ಕಾಗದ ಓದಿದಾಗಲೇ ಅದು ಹೊಳೆದದ್ದು. ಆಗಲಾದರೂ ತಂತಿ ಕೊಡಬಹುದಿತ್ತು. ಕೊಡಲಿಲ್ಲ. ದಿನ ಹೋದ ಹಾಗೆ ಬರೆಯುವುದು ಕಷ್ಟವಾಯಿತು.

ಇನ್ನೊಂದು ಉಂಟು. ಅದನ್ನು ಹೇಳಿದರೆ ನೆವ ಹೇಳಿದ ಹಾಗೆ ಆಗುತ್ತದೆ, ಆದರೂ ನೀನು ಯಾಕೆ ಎಂದು ಕೇಳಿದ್ದಿ. ನಾವು ಓದುತ್ತಿದ್ದಾಗ ಶಾಲೆಯ ರಜೆಯಲ್ಲಿ ನಾನು ಮೂರು ಸಲ ಪಡ್ಪು ಮನೆಗೆ ಬಂದಿದ್ದೇನೆ. ಮೂರು ಸಲವೂ ನಿನ್ನ ಅಮ್ಮ ನನಗೆ ಹೊರಗಿನ ಜಗಲಿಯಲ್ಲಿ ಬಾಳೆಲೆ ಹಾಕಿದರು. ಪ್ರೀತಿಯಿಂದಲೇ ಬಡಿಸಿದರು. ಎಲೆಯನ್ನು ನಾನೇ ಎತ್ತಿದೆ. ಊಟವಾದ ಮೇಲೆ ನೀನು ಒಳಗೆ ಚಾವಡಿಯಲ್ಲಿ ತೂಗಿಕೊಂಡು ನನ್ನೊಡನೆ ಮಾತಾಡುತ್ತಿದ್ದೆ. ನನಗೆ ಸರಪಳಿಯ ಸದ್ದು ಕೇಳುತ್ತಿತ್ತು, ಉಯ್ಯಾಲೆ ಕಾಣುತ್ತಿರಲಿಲ್ಲ. ಅದಕ್ಕೇ ಮಮ್ಮುವಿನ ಅಂಗಡಿಯಲ್ಲಿ ಗುರುತು ಸಿಗಲಿಲ್ಲ. ಅದೇ ಇದು ಎಂದು ಮಮ್ಮು ಹೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಶಶಿ. ಇನ್ನು ಇದು ನನ್ನ ಮನೆಯಲ್ಲಿ ತೂಗಲಿ ಎಂಬ ಹಟ.

ಉಯ್ಯಾಲೆ ಇಳಿಸಿದ್ದೇನೆ. ಬರುವ ಸ್ಟೀಮರಿಗೆ ಹಾಕಿಸುತ್ತೇನೆ. ತೆಗೆದುಕೋ.

ಆಗ್ನೆಸ್


ಮುಂಬಯಿ
25 ಜನವರಿ 1960

ಆಗ್ನೆಸ್,

ಉಯ್ಯಾಲೆ ಕಳಿಸಬೇಡ. ಅದು ಅಲ್ಲೇ ಇರಬೇಕು.

ಅಣ್ಣನ ಮೇಲೆ ಮಂಗಳೂರಿನಲ್ಲಿ ದಾವೆ ಹಾಕಿದ್ದೇನೆ. ಸರ್ವೋತ್ತಮ ಎಂಬವರು ನನ್ನ ವಕೀಲರು. ಅಣ್ಣ ಸುಳ್ಳು ಹೇಳಿ ನನ್ನಿಂದ ರುಜು ಹಾಕಿಸಿಕೊಂಡ ಎಂದು ತೋರಿಸಲು ಏನಿದೆ ಎಂದು ಅವರು ಕೇಳಿದರು. ನನ್ನ ಬಳಿ ಇದ್ದದ್ದು ಅಣ್ಣನ ಒಂದು ಕಾಗದ, ನಿನ್ನ ಕಾಗದಗಳು. ಎಲ್ಲವನ್ನೂ ಕೊಟ್ಟಿದ್ದೇನೆ, ಮೊನ್ನೆ ಬಂದದ್ದನ್ನೂ. ಜಗಲಿಯ ವಿಷಯ ಬರೆದದ್ದು ಅದರಲ್ಲೇ ಉಂಟು. ಅದನ್ನು ಹರಿದು ತೆಗೆಯಲಿಕ್ಕೆ ಆಗುವುದಿಲ್ಲವಂತೆ. ಕೋರ್ಟಿನಲ್ಲಿ ಎಲ್ಲರೆದುರು ಓದುತ್ತಾರೆ.

ಸಾಕ್ಷಿಗೆ ನಿನಗೆ ಸಮನ್ಸ್ ಬರುತ್ತದೆ. ಬಾ ಎಂದು ನಾನು ಬೇಡಿಕೊಳ್ಳುವುದಿಲ್ಲ.

ಶಶಿಪ್ರಭಾ


ದೇರೆಬೈಲ್
14 ಜುಲೈ 1961

ಶಶಿ,

ನಿನ್ನೆ ನನ್ನ ಸಾಕ್ಷಿ ಆಯಿತು. ನೀನು ಮೇ ತಿಂಗಳಲ್ಲೇ ಹೇಳಿಕೆ ಕೊಟ್ಟು ಹೋಗಿದ್ದಿಯಂತೆ. ವಕೀಲರು ನಿನಗೆ ಬರೆಯುತ್ತಾರೆ, ಆದರೂ ನಾನೇ ಹೇಳಬೇಕೆಂದು ತೋರಿತು.

ಉಯ್ಯಾಲೆಯನ್ನೂ ತರಬೇಕೆಂದು ಹೇಳಿದ್ದರು. ದುಗ್ಗಪ್ಪ ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಮಳೆಗೆ ಗೋಣಿ ಹೊದೆಸಿ, ನಾನೂ ಕೊಡೆ ಹಿಡಿದು ಅದರ ಹಿಂದೆಯೇ ನಡೆದೆ. ಜನ ನಿಂತು ನೋಡಿದರು. ಕೋರ್ಟಿನ ವರಾಂಡದಲ್ಲಿ ಸರಪಳಿಗೆ ಚೀಟಿ ಕಟ್ಟಿ ನಂಬರು ಹಾಕಿದರು.

ನಿನ್ನ ಅಣ್ಣನ ವಕೀಲರು ನನ್ನ ಕಾಗದಗಳನ್ನು ಗಟ್ಟಿಯಾಗಿ ಓದಿದರು, ತಿಳಿಹಸಿರು ಪರದೆಯವರೆಗೆ. ಜಗಲಿಯದ್ದನ್ನೂ ಓದಿದರು. ನಮ್ಮ ಹೆಡ್‌ಮಿಸ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

"ಗಿಳಿಗಳಿಗೆಲ್ಲ ಕೊಕ್ಕು ಉಂಟು ಎಂದು ಬರೆದದ್ದು ನೀವೇನಾ?"

"ನಾನೇ."

"ನಿಜವೋ, ಸುಳ್ಳೋ?"

"ಸುಳ್ಳು."

"ಆಪ್ತ ಗೆಳತಿಗೆ ಸುಳ್ಳು ಬರೆದವರನ್ನು ಕೋರ್ಟು ಈಗ ಯಾಕೆ ನಂಬಬೇಕು?"

"ನನ್ನನ್ನು ನಂಬಬೇಕೆಂದು ಹೇಳುವುದಿಲ್ಲ. ಅವಳು ನಂಬಿದಳು. ಅದನ್ನು ಹೇಳಲಿಕ್ಕೆ ಬಂದದ್ದು."

ಅವರು ಕೂತರು. ಮಹಾಬಲಣ್ಣ ಇಡೀ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ. ಮಧ್ಯಾಹ್ನ ಅವನ ಕಡೆಯವರೇ ರಾಜಿಯ ಮಾತು ಎತ್ತಿದರೆಂದು ಸರ್ವೋತ್ತಮರು ಹೇಳಿದರು.

ಇವತ್ತು ಶಾಲೆಯಲ್ಲಿ ನನ್ನ ನೀತಿಪಾಠದ ಕ್ಲಾಸನ್ನು ಬೇರೆಯವರಿಗೆ ಕೊಟ್ಟರು. ಯಾಕೆಂದು ನಾನು ಕೇಳಲಿಲ್ಲ.

ನೀನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಇನ್ನು ಮುಂದೆಯೂ ನಿನಗೆ ಬರೆಯಬಹುದಾ ಎಂದು ಮಾತ್ರ ಕೇಳುತ್ತೇನೆ. ಹದಿಮೂರನೆಯ ವಯಸ್ಸಿನಿಂದ ಏನಾದರೂ ಆದರೆ ಮೊದಲು ನಿನಗೆ ಹೇಳಿ ಅಭ್ಯಾಸ. ನಿನ್ನೆ ಕೋರ್ಟಿನಿಂದ ಇಳಿಯುವಾಗಲೂ ಇದನ್ನು ಶಶಿಗೆ ಬರೆಯಬೇಕು ಎಂದೇ ಅಂದುಕೊಂಡೆ.

ಆಗ್ನೆಸ್


ಮುಂಬಯಿ
2 ನವೆಂಬರ್ 1961

ಶ್ರೀಮತಿ ಆಗ್ನೆಸ್ ಅವರಿಗೆ,

ನಿಮ್ಮ ಪತ್ರ ಜುಲೈಯಲ್ಲೇ ತಲುಪಿತ್ತು. ರಾಜಿ ಮುಗಿಯುವವರೆಗೆ ಕಾದೆ. ಕಳೆದ ವಾರ ಕಾಗದಪತ್ರಗಳಾದವು. ಮನೆ ಇದ್ದ ಹಿತ್ತಿಲು, ಅದರ ಕೆಳಗಿನ ಎರಡು ಗದ್ದೆ ವಾರಿಜಳ ಹೆಸರಿಗೆ ಬಂದಿವೆ. ಉಳಿದದ್ದನ್ನು ಅಣ್ಣ ಮೊದಲೇ ಮಾರಿದ್ದ. ನಿಮ್ಮ ಸಾಕ್ಷಿ ಇಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲವೆಂದು ವಕೀಲರು ಹೇಳಿದರು. ಅದಕ್ಕೆ ಉಪಕಾರ.

ಉಯ್ಯಾಲೆಯನ್ನು ಕೋರ್ಟಿನಿಂದ ಬಿಡಿಸಿಕೊಂಡು ಹೋಗಿ. ಅದನ್ನು ಕೊಂಡವರು ನೀವು.

ಜಗಲಿಯ ವಿಷಯ. ನೀವು ಅಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ, ಎಲೆ ಎತ್ತಿದ್ದನ್ನೂ ನೋಡಿದ್ದೇನೆ. ಅದರಲ್ಲಿ ತಪ್ಪೇನಾದರೂ ಉಂಟೆಂದು ಆಗ ನನಗೆ ತೋರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಬಹಳ ದಿನ ತೋರಿತು. ಅದು ನನ್ನ ತಪ್ಪು, ಅಮ್ಮನದ್ದಷ್ಟೇ ಅಲ್ಲ. ಅದನ್ನು ನನಗೆ ಹೇಳಿದ್ದರೆ, ಬೈದಿದ್ದರೆ, ನಾನು ಕೇಳಿಸಿಕೊಳ್ಳುತ್ತಿದ್ದೆ. ಆದರೆ ಆ ಜಗಲಿಯಲ್ಲಿ ವಾರಿಜ ಇರಲಿಲ್ಲ. ಅವಳು ನಿಮಗೆ ಏನು ಮಾಡಿದ್ದಳು?

ಬರೆಯಬಹುದಾ ಎಂದು ಕೇಳಿದ್ದೀರಿ. ಬೇಡ. ಅಂಚೆಯವನು ನಿಮ್ಮ ಅಕ್ಷರದ ಲಕೋಟೆ ತಂದು ಕೊಟ್ಟಾಗ ಮೊದಲು ಈಗಲೂ ಸಂತೋಷವೇ ಆಗುತ್ತದೆ. ಆಮೇಲೆ ನೆನಪಾಗುತ್ತದೆ. ಅಷ್ಟನ್ನು ಪುನಃ ಪುನಃ ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ಇದನ್ನು ಬರೆಯುವಾಗ ವಾರಿಜ ಹೆಗಲ ಮೇಲಿಂದ ಇಣುಕಿ ನಡುವಿನ ಒಂದು ಸಾಲು ಓದಿದಳು. "ಇಷ್ಟು ಮರ್ಯಾದೆ ಕೊಟ್ಟು ಯಾರಿಗಮ್ಮ ಬರೆಯುವುದು?" ಎಂದು ಕೇಳಿದಳು.

ಮಂಗಳೂರಿನ ಒಬ್ಬರು ಟೀಚರಿಗೆ ಎಂದೆ.

ಶಶಿಪ್ರಭಾ